ಮೇಲಿನ ಮನೆಯವಳ ಲೆಕ್ಕ

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟ ಟೀಚರಮ್ಮನಿಗೆ,

ಅಮ್ಮನ ಮುತ್ತುಗಳು. ನೀನು ಲೆಕ್ಕದ ಟೀಚರ್ ಆದಮೇಲೆ ನಿನಗೆ ಕಾಗದ ಬರೆಯಲು ಭಯ. ಎಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸುತ್ತೀಯೋ ಎಂದು. ನಾನು ಚೆನ್ನಾಗಿದ್ದೇನೆ. ಬಣ್ಣದ ಅಂಗಡಿಯಲ್ಲಿ ಕೂತು ಬಿಲ್ಲು ಬರೆಯುವ ಅದೇ ಹಳೇ ರಾಗ.

ಈ ಕಾಗದ ನನಗಾಗಿ ಅಲ್ಲ. ನಮ್ಮ ಮೇಲಿನ ಮನೆಯವಳಿದ್ದಾಳಲ್ಲ, ಪಾಪ, ಅವಳಿಗಾಗಿ. ನನ್ನದೇ ವಯಸ್ಸು. ನಮ್ಮ ಅಂಗಡಿಯ ಒಳಕೋಣೆಯಲ್ಲಿ ಬಣ್ಣ ಬೆರೆಸುವ ಕೆಲಸಕ್ಕೆ ಸೇರಬೇಕೆಂದು ಅವಳಿಗೆ ಬಲು ಆಸೆ. ಸಂಜೆ ಶಾಲೆಯ ಗಣಿತ ಪರೀಕ್ಷೆ ಪಾಸು ಮಾಡಿದರೆ ಕೆಲಸ ಕೊಡುತ್ತೇನೆ ಅಂದಿದ್ದಾರೆ ಮಾಲೀಕರು. ಇಲ್ಲದಿದ್ದರೆ ಆ ಜಾಗ ಅವರ ಅಳಿಯನಿಗೆ. ಆ ಪುಣ್ಯಾತ್ಮ ಹಳದಿ ಕೇಳಿದರೆ ಕೆಸರು ಬೆರೆಸಿಕೊಡುತ್ತಾನೆ. ಇವಳು ಒಮ್ಮೆ ಆಗಲೇ ಫೇಲಾಗಿದ್ದಾಳೆ. ಮಗಳಿಗೆ ಗೊತ್ತಾದರೆ ನಗುತ್ತಾಳೆ ಎಂದು ಮನೆಯಲ್ಲಿ ಬಾಯಿಬಿಟ್ಟಿಲ್ಲ.

ಅವಳ ತೊಡಕು ಕೇಳು. ಎರಡು ಪಾಲು ನೀಲಿಗೆ ಮೂರು ಪಾಲು ಬಿಳಿ. ಒಟ್ಟು ಹದಿನೈದು ಲೀಟರ್ ಬೇಕು, ಯಾವುದು ಎಷ್ಟು? ಇವಳು ಎರಡಕ್ಕೂ ಐದೈದು ಸೇರಿಸಿ ಏಳು ನೀಲಿ, ಎಂಟು ಬಿಳಿ ಅಂತ ಬರೆದಳು. ಮೇಷ್ಟ್ರು ಉದ್ದಕ್ಕೆ ಗೆರೆ ಎಳೆದರು. ಒಬ್ಬರಿಗೆ ಕೊಟ್ಟಷ್ಟೇ ಇನ್ನೊಬ್ಬರಿಗೂ ಕೊಡಬೇಕು, ಇಲ್ಲಾಂದ್ರೆ ಜಗಳ ಆಗುತ್ತೆ ಎಂದು ವಾದಿಸಿದಳಂತೆ. ನನಗಂತೂ ಅದು ನ್ಯಾಯವೇ ಅನ್ನಿಸಿತು.

ಇನ್ನೊಂದು. ಒಂದು ಊರಿನ ಜನ ವರ್ಷಕ್ಕೆ ಶೇಕಡ ಹತ್ತರಂತೆ ಹೆಚ್ಚಿ, ಎರಡು ವರ್ಷಕ್ಕೆ ಹನ್ನೆರಡು ಸಾವಿರದ ನೂರು ಆದರು. ಮೊದಲು ಎಷ್ಟಿದ್ದರು? ಇವಳು ಶೇಕಡ ಇಪ್ಪತ್ತು ಕಳೆದಳು. ಮತ್ತೆ ಬೆಳೆಸಿ ತಾಳೆ ನೋಡಿದರೆ ಲೆಕ್ಕ ಕೂಡಲಿಲ್ಲ. ಸಾಲದ್ದಕ್ಕೆ ಕೊನೆಯಲ್ಲಿ ಮುಕ್ಕಾಲು ಮನುಷ್ಯನೊಬ್ಬ ಬಂದು ನಿಂತ. ಮೇಷ್ಟ್ರು ಎಲ್ಲದಕ್ಕೂ ಎಕ್ಸ್ ಹಾಕು ಅನ್ನುತ್ತಾರೆ. ಆ ಎಕ್ಸ್ ಯಾರು ಅಂತಲೇ ಇವಳಿಗೆ ತಿಳಿಯದು.

ನಿನ್ನ ಪ್ರೀತಿಯ,
ಅಮ್ಮ

ತಾ.ಕ.: ಬೇಗ ಬರೆ. ಟಪಾಲು ಬಂತಾ ಎಂದು ದಿನಾ ಪೀಡಿಸುತ್ತಾಳೆ.

ಗುರುವಾರ, ಶಾಲೆಯ ಸ್ಟಾಫ್ ರೂಮು

ಅಮ್ಮಾ,

ಕೆಂಪು ಶಾಯಿ ಮುಟ್ಟಿಲ್ಲ, ನೀಲಿಯಲ್ಲೇ ಬರೆಯುತ್ತಿದ್ದೇನೆ. ಮೇಲಿನ ಮನೆಯವಳಿಗೆ ಹೇಳು, ಎಕ್ಸ್ ಅಂದರೆ ಹೆದರಬೇಕಾದವನಲ್ಲ. ಗೊತ್ತಿಲ್ಲದ್ದಕ್ಕೆ ಸುಮ್ಮನೆ ಒಂದು ಹೆಸರಿಡುವುದು. ಬಿಡದೆ ಹಿಂದೆ ಹೋದರೆ, ತಾನು ಯಾರೆಂದು ಅದೇ ಕೊನೆಗೆ ಬಾಯಿಬಿಡುತ್ತದೆ.

ಒಂದು ಪಾಲನ್ನು ಎಕ್ಸ್ ಅನ್ನಲಿ. ನೀಲಿ ಎರಡು ಎಕ್ಸ್, ಬಿಳಿ ಮೂರು ಎಕ್ಸ್, ಕೂಡಿದರೆ ಐದು ಎಕ್ಸ್. ಅದು ಹದಿನೈದಾದರೆ ಎಕ್ಸ್ ಮೂರು. ನೀಲಿ ಆರು ಲೀಟರ್, ಬಿಳಿ ಒಂಬತ್ತು. ಸಮನಾಗಿ ಹಂಚುವುದು ಮಕ್ಕಳಿಗೆ ಸರಿ. ಬಣ್ಣಕ್ಕೆ ಹಾಗೆ ಹಂಚಿದರೆ ಬಣ್ಣವೇ ಬದಲಾಗಿಬಿಡುತ್ತದೆ.

ಊರಿನ ಲೆಕ್ಕದಲ್ಲಿ, ಎರಡನೇ ವರ್ಷದ ಶೇಕಡ ಹತ್ತು ಮೊದಲ ವರ್ಷ ಹೊಸದಾಗಿ ಬಂದವರ ಮೇಲೂ ಬೀಳುತ್ತದೆ. ಆದ್ದರಿಂದ ನೂರಕ್ಕೆ ಇಪ್ಪತ್ತಲ್ಲ, ಇಪ್ಪತ್ತೊಂದು ಹೆಚ್ಚುತ್ತದೆ. ಮೊದಲಿದ್ದವರು ಎಕ್ಸ್ ಆದರೆ, ನೂರು ಇದ್ದದ್ದು ನೂರ ಇಪ್ಪತ್ತೊಂದಾಗುವ ಹಾಗೆ ಎಕ್ಸ್ ಹನ್ನೆರಡು ಸಾವಿರದ ನೂರಾಗಿದೆ. ಹನ್ನೆರಡು ಸಾವಿರದ ನೂರನ್ನು ನೂರ ಇಪ್ಪತ್ತೊಂದರಿಂದ ಭಾಗಿಸಿ ನೂರರಿಂದ ಗುಣಿಸಲಿ. ಹತ್ತು ಸಾವಿರ, ಎಲ್ಲರೂ ಪೂರ್ತಿ ಮನುಷ್ಯರೇ. ತಪ್ಪನ್ನು ತಾನೇ ತಾಳೆ ನೋಡಿ ಹಿಡಿದಳಲ್ಲ, ಅದು ನನ್ನ ಕ್ಲಾಸಿನಲ್ಲಿ ಅರ್ಧ ಮಕ್ಕಳಿಗೂ ಬರುವುದಿಲ್ಲ. ಕೇಳಿ ನನಗೆ ತುಂಬ ಹೆಮ್ಮೆಯಾಯಿತು.

ನಿನ್ನ,
ಪುಟ್ಟ ಟೀಚರಮ್ಮ

ತಾ.ಕ.: ಅಮ್ಮಾ, ನಮ್ಮದು ಕೊನೇ ಮಹಡಿ. ಮೇಲಿರುವುದು ನೀರಿನ ಟ್ಯಾಂಕು, ನಾಲ್ಕು ಪಾರಿವಾಳ. ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ, ಪರೀಕ್ಷೆ ಮುಗಿಯುವವರೆಗೆ ಪ್ರತಿ ಶನಿವಾರ ಬರುತ್ತೇನೆ. ಮೇಲಿನ ಮನೆಯವಳು ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿರಲಿ. ಅವಳ ಮಗಳು ನಗುವುದಿಲ್ಲ.