ವ್ಯಾಜವಿಲ್ಲದ ಸಾಲು

ಮಾರ್ಚ್ ೧೨, ಭಾನುವಾರ

ಪ್ರೀತಿಯ ಪುಟ್ಟಿ,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ತಾನೆ? ನಿನ್ನ ಕಾಗದಕ್ಕೆ ಎಂಟು ತಿಂಗಳಾದರೂ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿಯಿತ್ತು ಅಂದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಹಾಗೆ ಬರೆಯುವುದಿಲ್ಲ. ನಿನ್ನ ಮೇಲೆ ಸಿಟ್ಟಿತ್ತು.

ಇಲ್ಲಿಯ ಸುದ್ದಿ ಕೇಳಿದರೆ ನಗುತ್ತೀಯ. ಅರ್ಧಕ್ಕೆ ಬಿಟ್ಟ ಹತ್ತನೇ ತರಗತಿಯ ಪರೀಕ್ಷೆಗೆ ಈಗ ಕಟ್ಟಿದ್ದೇನೆ. ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಗ್ರಂಥಾಲಯದ ಮಹಡಿಯಲ್ಲಿ ಪಾಠ. ಮೇಡಂ ನನಗಿಂತ ಹದಿನೈದು ವರ್ಷ ಚಿಕ್ಕವರು. ಉಪಮೆ, ರೂಪಕ ಬೇಗ ತಲೆಗೆ ಹತ್ತಿದವು. ನಮ್ಮ ಅಂಗಡಿ ಯಜಮಾನ ಗೂಬೆಯ ಹಾಗೆ ಅಂದರೆ ಉಪಮೆ, ಯಜಮಾನನೇ ಗೂಬೆ ಅಂದರೆ ರೂಪಕ ಅಂತ ನಾನು ಹೇಳಿದ್ದಕ್ಕೆ ಮೇಡಂ ಸೀಮೆಸುಣ್ಣ ಕೆಳಗಿಟ್ಟು ನಕ್ಕರು.

ಹೋದ ವಾರ ವ್ಯಾಜಸ್ತುತಿ. ಹೊಗಳಿದ ನೆಪದಲ್ಲಿ ತೆಗಳುವುದು, ಇಲ್ಲವೇ ತೆಗಳಿದ ನೆಪದಲ್ಲಿ ಹೊಗಳುವುದು. ಒಂದೊಂದು ಉದಾಹರಣೆ ತನ್ನಿ ಅಂದರು. ನಾನು ಹುಡುಕಬೇಕಾಗಿಯೇ ಇರಲಿಲ್ಲ. ಅಮ್ಮ ಹೋದ ಮೇಲೆ ನೀನು ಬರೆದ ಸಾಲು ನನಗೆ ಬಾಯಿಪಾಠ: 'ಅಕ್ಕಾ, ನೀನೇ ಪುಣ್ಯವಂತೆ, ಕೊನೇ ಗಳಿಗೆವರೆಗೂ ಅಮ್ಮ ನಿನ್ನ ಹತ್ತಿರವೇ ಇದ್ದಳು.' ಹಂಗಿಸಿದ್ದೀಯ ಅಂತಲೇ ಅಂದುಕೊಂಡಿದ್ದೆ.

ಹಿಂದುಮುಂದಿನ ಸಾಲು ನೋಡದೆ ಅಲಂಕಾರ ಹೇಳಬಾರದು, ಕಾಗದವನ್ನೇ ತನ್ನಿ ಅಂದರು ಮೇಡಂ. ಮಾರನೆಯ ದಿನ ಕೊಟ್ಟೆ. ಎರಡು ಸಲ ಓದಿದರು. ಅಮ್ಮನ ಶಾಲನ್ನು ಒಗೆಯದೆ ಕಳಿಸು ಅಂತ ಕೆಳಗೆ ಬರೆದಿದ್ದೀಯಲ್ಲ, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ ನೋಡು.

"ಇದರಲ್ಲಿ ವ್ಯಾಜವೇ ಇಲ್ಲಮ್ಮ," ಅಂದರು ಮೆಲ್ಲಗೆ. "ನಿಮ್ಮ ತಂಗಿ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದಾರೆ. ನಿಮಗೆ ಅದು ಬೈಗುಳ ಅಂತ ಯಾಕೆ ಅನ್ನಿಸಿತು?"

ಕಾಗದ ತೆಗೆದುಕೊಂಡು ಮಹಡಿ ಇಳಿದೆ. ಬಸ್ಸು ಬಂದರೂ ಹತ್ತದೆ ಮನೆವರೆಗೂ ನಡೆದೇ ಬಂದೆ.

ಶಾಲನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಒಗೆದಿಲ್ಲ. ಮಕ್ಕಳಿಗೆ ದೊಡ್ಡಮ್ಮನ ಮುತ್ತು ಕೊಡು. ನೀನು ನೂರು ಕಾಲ ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ಮೇಡಂ ಕೇಳಿದ್ದಕ್ಕೆ ಉತ್ತರ ನಿನಗೆ ಸೇರಬೇಕಾದ್ದು. ಕೊನೆಯ ವಾರ ಅಮ್ಮ ದಿನಾ ನಿನ್ನನ್ನೇ ಕೇಳುತ್ತಿದ್ದಳು. ಹೊರಟು ಬರಲಾ ಅಂತ ನೀನು ಫೋನ್ ಮಾಡಿದಾಗ, ಹುಷಾರಾಗಿದ್ದಾಳೆ, ಬೇಡ ಅಂದೆ. ಹುಷಾರಾಗಿರಲಿಲ್ಲ, ನನಗೆ ಗೊತ್ತಿತ್ತು. ಇಷ್ಟು ವರ್ಷ ನೋಡಿಕೊಂಡವಳು ನಾನು, ಕೇಳುವುದು ನಿನ್ನನ್ನಾ ಅನ್ನುವ ಹೊಟ್ಟೆಕಿಚ್ಚು. ಎಷ್ಟು ಬೇಕಾದರೂ ಬೈದು ಬರಿ, ಪುಟ್ಟಿ. ಬರೆಯದೆ ಮಾತ್ರ ಇರಬೇಡ.