‘ಪುರುಷ’ ಎಂದು ಒತ್ತಿದರೆ ಮಾಯವಾಗುವ ಪರೀಕ್ಷೆ

ರಕ್ತಪರೀಕ್ಷೆಯ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟ ಮಾನ್ಯ ಅಧಿಕಾರಿಗಳೇ,

ಹೋದ ವರ್ಷ ಯುಗಾದಿ ಕಳೆದ ಮೇಲೆ ನಿಮ್ಮ ಅಧೀನದ ಪ್ರಯೋಗಾಲಯವೊಂದು ನನ್ನ ಗಂಡನ ರಕ್ತವನ್ನು ನನ್ನ ಹೆಸರಿನಲ್ಲಿ ಪರೀಕ್ಷಿಸಿ, ಹೆಂಗಸಿನ ಅಳತೆಗೆ ಹೋಲಿಸಿ, ‘ಸಹಜ’ ಎಂದು ವರದಿ ಕೊಟ್ಟಿತು. ಮಳೆಗಾಲ ಮುಗಿಯುವುದರೊಳಗೆ ಅವರ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ಈ ಎರಡು ಸಂಗತಿಗಳ ನಡುವೆ ಏನೇನಾಯಿತು ಎಂದು ಅರ್ಜಿ ಬರೆದು ಕಾರವಾರದ ನಿಮ್ಮ ಕಚೇರಿಗೆ ಕೊಟ್ಟು ಬಂದೆ, ಮತ್ತೆ ಮತ್ತೆ ಕೊಟ್ಟು ಬಂದೆ. ಒಂದು ಸಾಲಿನ ಉತ್ತರವೂ ಬರಲಿಲ್ಲ. ಹಾಗಾಗಿ ಈಗ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಹಾಕುವುದಿಲ್ಲ. ನಿಮ್ಮ ಕುರ್ಚಿಯಲ್ಲಿ ಹೆಸರುಗಳು ಬೇಗ ಬೇಗ ಬದಲಾಗುತ್ತವೆ. ಎದುರಿನ ಕಂಪ್ಯೂಟರು ಮಾತ್ರ ತನ್ನ ಅಭಿಪ್ರಾಯ ಬದಲಾಯಿಸುವುದಿಲ್ಲ.

ನಾನು ಸುಗಂಧಾ, ಅವರ್ಸಾದವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ಮಧುಕರ, ಕೆಲಸಗಾರರನ್ನು ದಿನಾ ಕಾರವಾರಕ್ಕೆ ಕರೆದೊಯ್ಯುವ ಬಸ್ಸಿನ ಚಾಲಕ. ಕೆಲವು ವರ್ಷಗಳ ಹಿಂದೆ ಅವರ ಮೆದುಳಿನ ಬುಡದಲ್ಲಿದ್ದ ಗಡ್ಡೆಯನ್ನು ತೆಗೆದರು. ಜೀವ ಉಳಿಯಿತು. ಆದರೆ ಗಂಡಸಿನ ಹಾರ್ಮೋನನ್ನು ತಯಾರಿಸು ಎಂದು ದೇಹಕ್ಕೆ ಹೇಳುವ ಗ್ರಂಥಿ ಸುಮ್ಮನಾಯಿತು. ಅಂದಿನಿಂದ ಟೆಸ್ಟೊಸ್ಟೆರಾನ್ ಚುಚ್ಚುಮದ್ದು. ಊರವರ ಬಾಯಲ್ಲಿ ಅದು ಬೇರೆಯೇ ಆಯಿತು. ಗೆಳೆಯ ಸಂದೇಶ ಚಾ ಅಂಗಡಿಯಲ್ಲಿ, “ಮಧುಕಣ್ಣಾ, ನಿಂಗೆ ಪವರ್ ಸೂಜಿ ಕೊಡ್ತ್ರಂತಲ್ಲಾ, ನಂಗೂ ಒಂದು ಹೇಳೂದಲ್ವನಾ ಮಾರಾಯಾ” ಎಂದರೆ ಇವರೂ ಬಿಡುತ್ತಿರಲಿಲ್ಲ. “ನಿಂಗೆ ಬ್ಯಾಡಾ. ಆಮೇಲೆ ನಿನ್ ಹೆಂಡ್ತಿ ನಂಗೆ ಬೈತದೆ.” ಆಗೆಲ್ಲ ನಮಗೆ ನಗಲು ಬರುತ್ತಿತ್ತು.

ಹೊರಗಿನಿಂದ ಕೊಟ್ಟ ಟೆಸ್ಟೊಸ್ಟೆರಾನಿನ ಒಂದು ಪಾಲನ್ನು ದೇಹ ಎಸ್ಟ್ರಡಯಾಲ್ ಎಂಬ ಇನ್ನೊಂದು ಹಾರ್ಮೋನಾಗಿ ಮಾರ್ಪಡಿಸಿಕೊಳ್ಳುತ್ತದೆ. ಹೆಂಗಸರದು ಎಂದು ನಾವೆಲ್ಲ ತಿಳಿದಿರುವ ಈ ಹಾರ್ಮೋನು ಗಂಡಸಿಗೂ ಬೇಕು, ಅವನ ಎಲುಬು ಗಟ್ಟಿ ಇರುವುದಕ್ಕೂ ಬೇಕು. ಮಿತಿ ಮೀರಿದರೆ ಮಾತ್ರ ಎದೆ ಊದುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಮನಸ್ಸು ಕದಡುತ್ತದೆ. ಒಂದನ್ನು ಕೊಡುವವರು ಇನ್ನೊಂದರ ಮೇಲೂ ಕಣ್ಣಿಟ್ಟಿರಬೇಕು, ರಕ್ತ ಮಂದವಾಗುತ್ತಿದೆಯೇ ಎಂದು ನೋಡುತ್ತಿರಬೇಕು. ಇದು ಗುಟ್ಟಿನ ವಿದ್ಯೆಯಲ್ಲ. ಕನ್ನಡ ಶಾಲೆಯ ಮಾಸ್ತರಿಣಿಯೊಬ್ಬಳು ಪುಸ್ತಕ ತರಿಸಿ ಓದಿ ತಿಳಿದುಕೊಳ್ಳಬಹುದಾದಷ್ಟು ಬಹಿರಂಗವಾಗಿದೆ. ನಿಮ್ಮ ತಂತ್ರಾಂಶ ಬರೆದವರಿಗೆ ಪುರುಸೊತ್ತಾಗಲಿಲ್ಲವೇ?

ಆ ಬೇಸಿಗೆ, ಗಂಡಸರೆಲ್ಲ ಬರಿಮೈಯಲ್ಲಿ ಜಗಲಿ ಮೇಲೆ ಕೂರುವ ನಮ್ಮೂರಿನಲ್ಲಿ ಇವರು ಮನೆಯೊಳಗೂ ಅಂಗಿ ಬಿಚ್ಚದಾದರು. ಎದೆ ಊದಿತ್ತು; ಬಟ್ಟೆ ತಾಗಿದರೂ ನೋವು. ಟಿವಿಯಲ್ಲಿ ಯಾರೋ ಅತ್ತರೆ ಇವರಿಗೂ ಅಳು. ದಿನವಿಡೀ ಸುಸ್ತು. ವೈದ್ಯರು ಎಸ್ಟ್ರಡಯಾಲ್ ಪರೀಕ್ಷೆ ಬರೆದುಕೊಟ್ಟರು. ಅಂಕೋಲೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಭರತ ಒಳ್ಳೆಯವನು. ಕೀಲಿಮಣೆ ಒತ್ತಿ ಒತ್ತಿ ಸೋತು ಪರದೆಯನ್ನು ನನ್ನ ಕಡೆ ತಿರುಗಿಸಿದ. “ನೀವೇ ನೋಡಿ ಅಕ್ಕೋರೇ. ‘ಪುರುಷ’ ಹೇಳಿ ಒತ್ತಿದ್ರೆ ಈ ಟೆಸ್ಟೇ ಮಾಯ ಆಗ್ತದೆ. ‘ಸ್ತ್ರೀ’ ಅಂದ್ರೆ ಬರ್ತದೆ. ನಿಮ್ಮ ಹೆಸ್ರಲ್ಲಿ ಹಾಕುವಾ, ರಕ್ತಕ್ಕೆ ಎಂತ ಗೊತ್ತು ಅದು ಯಾರ ಹೆಸ್ರಲ್ಲಿ ಹೋಗೂದು ಹೇಳಿ?” ಬೇರೆ ದಾರಿಯನ್ನು ನೀವು ಇಟ್ಟಿರಲಿಲ್ಲ. ಹಾಕಿಸಿದೆವು.

ವರದಿ ಬಂತು. ಸುಗಂಧಾ, ಸ್ತ್ರೀ, ಸಹಜ. ಅದೇ ಸಂಖ್ಯೆ ಗಂಡಸಿನ ಮೇಲ್ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಎಂದು ಅಲ್ಲಿ ಎಲ್ಲಿಯೂ ಇರಲಿಲ್ಲ. ಮಿತಿ ಮೀರಿದ್ದನ್ನು ತೋರಿಸುವ ಕೆಂಪಕ್ಷರವೂ ಇರಲಿಲ್ಲ. ಇದು ಅವರದೇ ರಕ್ತ ಎಂದು ವೈದ್ಯರಿಗೆ ನಾನು ಹೇಳಿದೆ. ಬಾಗಿಲಾಚೆ ಸಾಲು ನಿಂತಿತ್ತು. “ಕೆಂಪಕ್ಷರ ಬಂದಿಲ್ಲ ಅಂದ್ರೆ ತೊಂದರೆ ಇಲ್ಲ. ಇವರು ಮನಸ್ಸಿಗೆ ಹಚ್ಕೊಂಡಿದ್ದಾರೆ ಅಷ್ಟೇ” ಎಂದು ಸುಸ್ತಿಗೆ ಸೂಜಿಯ ಪ್ರಮಾಣ ಹೆಚ್ಚಿಸಿದರು. ಅವರನ್ನು ದೂರುವುದು ಸುಲಭ. ಆದರೆ ಕೆಂಪಕ್ಷರವನ್ನು ನಂಬಲಿ ಎಂದೇ ಅಲ್ಲವೇ ನೀವು ಅದನ್ನು ಇಟ್ಟದ್ದು? ತನ್ನ ಮೈ ಒಂದು ಹೇಳುತ್ತಿದೆ, ಸರ್ಕಾರದ ಕಾಗದ ಇನ್ನೊಂದು. ನನ್ನ ಗಂಡ ಕಾಗದವನ್ನು ನಂಬಿದರು. ತನಗೆ ತಲೆ ಕೆಟ್ಟಿದೆ ಎಂದುಕೊಂಡು ಸುಮ್ಮನಾದರು.

ನಿಮ್ಮ ಕಂಪ್ಯೂಟರು ಮಾತ್ರ ಸುಮ್ಮನಾಗಲಿಲ್ಲ. ಈ ಪರೀಕ್ಷೆ ಮಾಡಿಸಿದ ಹೆಂಗಸೆಂದರೆ ಮಕ್ಕಳಾಗದವಳೇ ಎಂದು ಅದರ ಲೆಕ್ಕ. ಆರೋಗ್ಯ ಕಾರ್ಯಕರ್ತೆ ಗಂಗೂ ಒಂದು ಬೆಳಿಗ್ಗೆ ನಗು ತಡೆಯಲಾರದೆ ಬಂದಳು. “ಅಕ್ಕೋರೇ, ಬಂಜೆತನದ ಶಿಬಿರಕ್ಕೆ ನಿಮ್ಮ ಹೆಸ್ರು ಬಂದದೆ. ಮಗಳು ಕಾಲೇಜಿಗೆ ಹೋಗ್ತದೆ, ನಿಮ್ಗೆ ಇನ್ನೊಂದು ಬೇಕಾಯ್ತನಾ?” ಎಷ್ಟು ಚುರುಕು ನಿಮ್ಮ ವ್ಯವಸ್ಥೆ! ಕಾಯಿಲೆಯವರನ್ನು ಬಿಟ್ಟು ಉಳಿದವರನ್ನೆಲ್ಲ ಹುಡುಕಿಕೊಂಡು ಬರುತ್ತದೆ.

ನನಗೆ ಮರೆವು ಕಡಿಮೆ. ಪ್ರಯೋಗಾಲಯದ ಆ ಯಂತ್ರದ ಉದ್ಘಾಟನೆಗೆ ಸ್ವಾಗತಗೀತೆ ಹಾಡಲು ನಮ್ಮ ಶಾಲೆಯ ಮಕ್ಕಳನ್ನು ಕರೆಸಿದ್ದಿರಿ. “ಇನ್ನು ಮುಂದೆ ರಕ್ತ ಪರೀಕ್ಷೆಗೆಂದು ನಮ್ಮ ಜನ ಗಡಿ ದಾಟಬೇಕಾಗಿಲ್ಲ” ಎಂದು ನಿಮ್ಮ ಕುರ್ಚಿಯಲ್ಲಿ ಆಗ ಕೂತಿದ್ದವರು ಭಾಷಣ ಮಾಡಿದರು. ಬಿಸಿಲಲ್ಲಿ ನಿಂತ ಮಕ್ಕಳು ಚಪ್ಪಾಳೆ ತಟ್ಟಿದರು, ತಟ್ಟಿಸಿದವಳು ನಾನು. ಊದಿಕೊಂಡು ನೀಲಿಗಟ್ಟಿದ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಗಂಡ ನರಳುತ್ತಿದ್ದಾಗ, ಅಂಬ್ಯುಲೆನ್ಸು ಕಾಳಿ ಸೇತುವೆ ದಾಟಿ ಗೋವಾದ ಕಡೆ ಓಡುತ್ತಿತ್ತು. ಅಲ್ಲಿಯ ವೈದ್ಯೆ ನಮ್ಮ ವರದಿಯನ್ನು ತಿರುಗಿಸಿ ನೋಡಿ, “ಇದು ಯಾರದ್ದು?” ಎಂದು ಕೇಳಿದರು. ಏರಿಸಿದ ಮದ್ದಿನಿಂದ ರಕ್ತ ಮಂದವಾಗಿ ಹೆಪ್ಪುಗಟ್ಟಿದೆ, ಏರಿಸಬಾರದಿತ್ತು ಎಂದು ಆಮೇಲೆ ವಿವರಿಸಿದರು.

ನನ್ನ ಅರ್ಜಿಗಳಿಗೆ ಉತ್ತರ ಬರಲಿಲ್ಲ ಎಂದೆ; ಕ್ರಮವೇ ಆಗಲಿಲ್ಲ ಎನ್ನಲಾರೆ. “ಬೇರೆಯವರ ರಕ್ತ ನಿಮ್ಮ ಹೆಸರಲ್ಲಿ ಕೊಟ್ಟದ್ದು ಅಪರಾಧ ಅಕ್ಕೋರೇ, ಗೊತ್ತುಂಟಾ?” ಎಂದು ನಿಮ್ಮ ಕಚೇರಿಯವರು ನನ್ನನ್ನೇ ಗದರಿಸಿದರು. ಭರತನನ್ನು ಘಟ್ಟದ ಬುಡಕ್ಕೆ ವರ್ಗ ಮಾಡಿದರು. ಅವನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ನನ್ನೆದುರೇ ‘ಪುರುಷ’ ಎಂದು ಒತ್ತಿದಳು. ಪರೀಕ್ಷೆ ಮಾಯವಾಯಿತು.

ಈಗ ನಮ್ಮ ಮನೆಯ ಸ್ಥಿತಿ ಕೇಳಿ. ಕಾಲು ಸುಧಾರಿಸುತ್ತಿದೆ, ಮನುಷ್ಯ ಸುಧಾರಿಸುತ್ತಿಲ್ಲ. ಕಡಿಮೆ ಪ್ರಮಾಣದಲ್ಲಿ ಸೂಜಿ ಮತ್ತೆ ಶುರು ಮಾಡಬಹುದು, ಜೊತೆಜೊತೆಗೆ ಪರೀಕ್ಷೆ ನಡೆಯುತ್ತಿರಬೇಕು, ಹೀಗೇ ಬಿಟ್ಟರೆ ಎಲುಬು ಸವೆದು ಹೋಗುತ್ತದೆ ಎಂದಿದ್ದಾರೆ ವೈದ್ಯೆ. ಇವರು ಸೂಜಿಯನ್ನೂ ಒಲ್ಲೆ ಎನ್ನುತ್ತಾರೆ, ಪರೀಕ್ಷೆಯನ್ನೂ. ಬಸ್ಸಿನ ಕೀಲಿಯನ್ನು ಮಾಲಕರಿಗೆ ಒಪ್ಪಿಸಿಬಿಟ್ಟರು. ಊಟಕ್ಕೆ ಎಬ್ಬಿಸಿದರೆ ಗೋಡೆಯ ಕಡೆ ಹೊರಳುತ್ತಾರೆ. ಖಾಸಗಿಯಲ್ಲಿ ಮಾಡಿಸೋಣ, ಮತ್ತೆ ಗೋವಾಕ್ಕೇ ಹೋಗೋಣ ಎಂದು ಕೈ ಮುಗಿದು ಕೇಳಿದೆ. “ನಾ ಗಂಡ್ಸು ಹೇಳಿ ತೋರ್ಸೂಕೆ ಬೇರೆ ರಾಜ್ಯಕ್ಕೆ ಹೋಗ್ಬೇಕನೇ?” ಎಂದರು. ಮತ್ತೆ ಗೋಡೆಯ ಕಡೆ ಹೊರಳುತ್ತ, “ಮೊದ್ಲು ಇವ್ರ ಮಶೀನು ಒಪ್ಪಲಿ. ನಿನ್ ಹೆಸ್ರಲ್ಲಿ ಬದ್ಕೂದು ಸಾಕಾಗದೆ ನಂಗೆ” ಎಂದರು. ಇದಕ್ಕೆ ಹೆಂಡತಿಯ ಹತ್ತಿರ ಮದ್ದಿಲ್ಲ. ನನ್ನ ಮಾತು ಅವರಿಗೆ ಸಮಾಧಾನದ ಮಾತಷ್ಟೇ. ಸಹಜ ಎಂದು ಸುಳ್ಳು ಹೇಳಿದವರೇ ಈಗ ನಿಜ ಹೇಳಬೇಕು.

ಪರಿಹಾರ ಕೇಳುತ್ತಿಲ್ಲ. ಭರತನನ್ನು ವಾಪಸು ಕರೆಸಿ. ಗಂಡಸಿನ ಈ ಪರೀಕ್ಷೆಯನ್ನು ಗಂಡಸಿನ ಹೆಸರಿನಲ್ಲೇ ಮಾಡಿ, ಗಂಡಸಿನ ಅಳತೆಗೇ ಹೋಲಿಸಿ ವರದಿ ಕೊಡುತ್ತೀರಾ, ಇಲ್ಲವಾ? ಕೊಡುವುದಾದರೆ ಯಾವತ್ತಿನಿಂದ? ನಮ್ಮ ಮನೆಗೆ ಟಪಾಲು ಕಳಿಸಬೇಡಿ. ನನ್ನ ಕೈಯಿಂದ ಕೊಟ್ಟ ಸರ್ಕಾರಿ ಕಾಗದವನ್ನು ಅವರು ಇನ್ನು ಮುಟ್ಟುವುದಿಲ್ಲ. ಇದೇ ಪತ್ರಿಕೆಯಲ್ಲಿ, ನಿಮ್ಮ ಹುದ್ದೆಯ ಸಹಿ ಹಾಕಿ, ಜಿಲ್ಲೆಯೆಲ್ಲ ಓದುವಂತೆ ಉತ್ತರಿಸಿ. ಅವರು ಗೋಡೆಯಿಂದ ಈಚೆಗೆ ಹೊರಳುವ ಶಕ್ತಿ ಇನ್ನೂ ಇರುವಾಗಲೇ ಉತ್ತರಿಸಿ.

ಇಂತಿ,
ವರದಿಯ ಪ್ರಕಾರ ಸಹಜವಾಗಿರುವ
ಸುಗಂಧಾ ಮಧುಕರ ಗಾಂವಕರ
ಅವರ್ಸಾ, ಅಂಕೋಲಾ ತಾಲೂಕು