ಕುಡಿಯಬಾರದಿದ್ದ ಕಾಫಿ

ಅಮ್ಮಾನ್, ಸೋಮವಾರ

ಅಕ್ಕನಿಗೆ ಸಲಾಂ,

ನಿನ್ನಂತೆ ಹೊರದೇಶದವರನ್ನು ಮದುವೆಯಾದ ತಾಯಂದಿರ ಮಕ್ಕಳಿಗೂ ಪೌರತ್ವ ಕೊಡಿ ಎಂದು ಕೇಳಲು ನಮ್ಮ ಸಂಘದವರು ಇಂದು ಅಧಿಕಾರಿಯ ಕಚೇರಿಗೆ ಹೋಗಿದ್ದೆವು. ಕಾಫಿ ಬಂತು. ನಮ್ಮ ಪದ್ಧತಿಯಂತೆ, ಮನೆಯವರಾಗಲಿ ಅಧಿಕಾರಿಯಾಗಲಿ ಕೋರಿಕೆಗೆ ಒಪ್ಪುವವರೆಗೆ ಕೇಳಲು ಬಂದವರು ಕುಡಿಯಬಾರದಲ್ಲ, ಕುಡಿದರೆ ಕೋರಿಕೆ ಕೈಬಿಟ್ಟಂತೆ; ಬಟ್ಟಲುಗಳನ್ನು ಹಾಗೇ ಕೆಳಗಿಟ್ಟೆವು. ಅಧಿಕಾರಿಯ ಮುಖ ಬಿಗಿಯಿತು. ಅಷ್ಟರಲ್ಲಿ ನಮ್ಮ ಅಧ್ಯಕ್ಷ ಫವ್ವಾಝ್ ತಮ್ಮ ಬಟ್ಟಲೆತ್ತಿ ಕುಡಿದೇಬಿಟ್ಟರು! "ದೇವರು ಒಳ್ಳೇದು ಮಾಡ್ಲಿ, ಮಾತು ಮುಗೀತಲ್ಲ," ಎಂದು ಅಧಿಕಾರಿ ನಗುತ್ತಾ ಎದ್ದ.

ಹೊರಗೆ ಬಂದವಳೇ, "ಏನ್ ಯಜಮಾನ್ರೇ, ಅಷ್ಟೊಂದು ಬಾಯಾರಿಕೇನಾ? ಅಲ್ಲಿ ನಮ್ಮಕ್ಕನ ಮಗ ರಕಾನ್ ಹುಟ್ಟಿದೂರಲ್ಲೇ ಪರದೇಶಿ ಆಗಿದಾನೆ!" ಎಂದೆ.

"ಮರ್ಯಾದೆಗೆ ಒಂದು ಗುಟುಕು ಕಣಮ್ಮ," ಎಂದರು. ಯಾರ ಮರ್ಯಾದೆ?

ನನ್ನ ಮೊಣಕಾಲು ನೋವು ತಗ್ಗಿದೆ. ಕಾಲೇಜಿನ ಆಸೆ ಬಿಡಬೇಡ ಎಂದು ರಕಾನ್‌ಗೆ ಹೇಳು. ನಾಳೆ ಮತ್ತೆ ಹೋಗುತ್ತೇವೆ, ಹೆಂಗಸರಷ್ಟೇ.

ಅವಸರದಲ್ಲಿ,
ಇತಿದಾಲ್